ಬೇಸಿಗೆಯ ತುಂಗಭದ್ರೆ ಮತ್ತು ನಮ್ಮೂರ ಕೊಳಚೆ ನೀರು

ತುಂಗಭದ್ರೆಯ ದಡದ ಪುಟ್ಟ ಊರೊಂದರ ಕೊಳಚೆ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದಾಗಿನ ಒಂದು ಏಪ್ರಿಲ್ ಬೆಳಗು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಸಂಜೆ ನಾಲ್ಕು ಹನಿ ಮಳೆಯೊಡನೆ ಬೀಸಿದ ಬಿರುಗಾಳಿಗೆ ವಿದ್ಯುತ್ ಕಂಬ ಉರುಳಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ; ಅದಕ್ಕಾಗಿ ಬರೆದಿದ್ದ ಬೇಡಿಕೆ ಪತ್ರ ಎರಡು ವಾರದಿಂದ ಸಹಿಗೆ ಕಾದು ಕುಳಿತಿತ್ತು. ಊರಿನ ಒಳಚರಂಡಿಯ ನೀರು ಮಾತ್ರ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತಲೇ ಇತ್ತು.

ಘಟಕದ ಜೀವವಿರುವುದು ಗಾಳಿ ಊದುವ ತೊಟ್ಟಿಯಲ್ಲಿ. ಕೊಳೆಯನ್ನು ತಿಂದು ಅರಗಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಸದಾ ಸಿಗುತ್ತಿರಬೇಕು. ಸರಿಯಿದ್ದ ದಿನ ಆ ನೀರು ಕಂದು ಬಣ್ಣಕ್ಕಿದ್ದು, ಮಳೆ ಬಿದ್ದ ಹೊಲದ ಮಣ್ಣಿನ ವಾಸನೆ ಬರುತ್ತದೆ. ಅಂದು ಅದು ಕಪ್ಪಿಟ್ಟು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಒಂದು ಲೀಟರಿನ ಅಳತೆ ಜಾಡಿಯಲ್ಲಿ ತುಂಬಿಟ್ಟರೆ ಅರ್ಧ ಗಂಟೆಯಲ್ಲಿ ಗಸಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕಾಗಿತ್ತು. ಆ ದಿನ ಮೇಲಿನಿಂದ ಕೆಳಗಿನವರೆಗೂ ಒಂದೇ ಮಬ್ಬು.

ಬಾಟಲಿಗಳ ಪೆಟ್ಟಿಗೆ ಹಿಡಿದು ನದಿಗೆ ಇಳಿದೆ. ಬೇಸಿಗೆಯ ತುಂಗಭದ್ರೆ ಬಂಡೆ ಮರಳುಗಳ ನಡುವೆ ಎಳೆ ಎಳೆಯಾಗಿ ಹರಿಯುತ್ತಿದ್ದಳು. ಹರಿಗೋಲನ್ನು ದಡಕ್ಕೆಳೆದು ಕುಳಿತಿದ್ದ ಮೀನುಗಾರರೊಬ್ಬರು, “ಸರ್ರ, ನಸುಕಿನಿಂದ ಮೀನು ಮ್ಯಾಲೆ ಬಂದು ಬಾಯಿ ಬಿಡಾಕ ಹತ್ಯಾವು ನೋಡ್ರಿ” ಎಂದರು. ನಮ್ಮ ಕೊಳವೆ ನದಿಗೆ ಸೇರುವಲ್ಲಿಂದ ಮೇಲಕ್ಕೊಂದು, ಕೆಳಕ್ಕೊಂದು ಬಾಟಲಿ ತುಂಬಿಸಿ, ಎರಡಕ್ಕೂ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಹಾಕಿದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿ. ಮೇಲಿನ ಬಾಟಲಿ ಕೂಡಲೇ ಕಂದಾಯಿತು. ಕೆಳಗಿನದು ಹಾಲು ಬೆರೆತಂತೆ ಬೆಳ್ಳಗೇ ಉಳಿಯಿತು. ಅವರು ಎರಡನ್ನೂ ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಹತ್ತು ಗಂಟೆಗೆ ಕರೆಂಟ್ ಬಂತು, ಮೂರು ದಿನಕ್ಕೆ ತೊಟ್ಟಿಯಲ್ಲಿ ಮತ್ತೆ ಮಣ್ಣಿನ ವಾಸನೆ ಬಂತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ನಂತರ ಕಂಡದ್ದು. ವರದಿಯಲ್ಲಿ ಬಿಒಡಿ, ಅಂದರೆ ಕೊಳೆಯು ಹೀರಿಕೊಳ್ಳುವ ಆಮ್ಲಜನಕದ ಪ್ರಮಾಣ, ನಾವು ಪಾಲಿಸುತ್ತಿದ್ದ ಲೀಟರಿಗೆ 30 ಮಿಲಿಗ್ರಾಂ ಮಿತಿಯೊಳಕ್ಕೆ ಬಂದಿದ್ದರೂ ಕೊಳವೆಯ ಕೆಳಗಿನ ಮಡುವಿನಲ್ಲಿ ಮೀನುಗಳು ನಸುಕಿನಲ್ಲಿ ಬಾಯಿ ಬಿಡುವುದು ನಿಂತಿರಲಿಲ್ಲ. ಇಂಥ ಮಿತಿಗಳ ಹಿಂದೆ ಹಳೆಯ ಲೆಕ್ಕವೊಂದಿದೆ: ಕೊಳಚೆ ನೀರಿನ ವಿಲೇವಾರಿ ಕುರಿತ ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ 20 ಮಿಲಿಗ್ರಾಂ ಎಂದು ಹೇಳಿದಾಗ, ಆ ನೀರನ್ನು ಸೇರಿಸಿಕೊಳ್ಳುವ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರಿರಬೇಕು ಎಂಬ ಷರತ್ತೂ ಜೊತೆಗಿತ್ತು. ಅಂಕಿಯನ್ನು ಉಳಿಸಿಕೊಂಡು ಷರತ್ತನ್ನು ಮರೆತರೆ, ಆಗಸ್ಟಿನಲ್ಲಿ ದಡ ಮುಟ್ಟಿ ಹರಿಯುವ ಹೊಳೆಗೂ ಏಪ್ರಿಲ್‌ನಲ್ಲಿ ಮೊಣಕಾಲು ಮುಳುಗದ ಹೊಳೆಗೂ ಒಂದೇ ಅಳತೆಯಾಗುತ್ತದೆ, ಮತ್ತು ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದು ನನಗೆ ಸರಿಯೆನಿಸಲಿಲ್ಲ, ಇಂದಿಗೂ ಅನಿಸುವುದಿಲ್ಲ.

ನಮ್ಮ ದಾಖಲೆ ಪುಸ್ತಕದಲ್ಲಿ ನದಿಗೆಂದು ಒಂದು ಕಾಲಂ ಕೂಡ ಇರಲಿಲ್ಲ. ಆ ವಾರದಿಂದ ಪ್ರತಿದಿನದ ಅಂಕಿಗಳ ಪಕ್ಕದ ಅಂಚಿನಲ್ಲಿ, ಆ ಮೀನುಗಾರರನ್ನು ಕೇಳಿ, ಹರಿಗೋಲು ತೇಲುತ್ತದೆ ಅಥವಾ ನೆಲ ಕಚ್ಚುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದಿಡತೊಡಗಿದೆ. ಜೂನ್‌ನಲ್ಲಿ ಹೊಸ ನೀರು ಕೆಂಪಗೆ ಇಳಿದು ಬರುವವರೆಗೆ ಹೆಚ್ಚಿನ ದಿನಗಳಲ್ಲಿ ನಾನು ಬರೆದದ್ದು ಎರಡನೆಯದನ್ನೇ.