ಚಿತ್ರವಿಲ್ಲದ ಲೇಖನಗಳ ಪಟ್ಟಿ: ಆರನೆಯ ವಾರದ ಪ್ರಗತಿ

ಕನ್ನಡ ವಿಕಿಪೀಡಿಯದ ಯಾವುದಾದರೂ ವರ್ಗದ ಹೆಸರು ಕೊಟ್ಟರೆ, ಅದರಲ್ಲಿ ಒಂದೂ ಚಿತ್ರವಿಲ್ಲದ ಲೇಖನಗಳನ್ನು ಹುಡುಕಿ ಪಟ್ಟಿ ಮಾಡುವ ನನ್ನ ಪೈಥಾನ್ ಪ್ರೋಗ್ರಾಂ ಈ ವಾರ ಮೊದಲ ಬಾರಿಗೆ ನಂಬಬಹುದಾದ ಉತ್ತರ ಕೊಟ್ಟಿದೆ. ಕಳೆದ ವಾರದವರೆಗೂ ಆ ಪಟ್ಟಿಯಲ್ಲಿ ನಾಲ್ಕೈದು ಚಿತ್ರಗಳಿರುವ ಲೇಖನಗಳು ಸಹ ಸೇರಿಕೊಳ್ಳುತ್ತಿದ್ದವು. ದೋಷ ಇದ್ದದ್ದು ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಎಪಿಐಯಲ್ಲಲ್ಲ (ಪ್ರೋಗ್ರಾಂಗಳು ಅದರಿಂದ ಮಾಹಿತಿ ಕೇಳಿ ಪಡೆಯುವ ದಾರಿ), ಅದರ ಉತ್ತರವನ್ನು ನಾನು ಓದುತ್ತಿದ್ದ ಕ್ರಮದಲ್ಲಿ.

ವರ್ಗದ ಪುಟಗಳನ್ನು 50ರ ಗುಂಪುಗಳಲ್ಲಿ ತರಿಸಿಕೊಳ್ಳುತ್ತ, ಅದೇ ವಿನಂತಿಯಲ್ಲಿ ಆ ಪುಟಗಳ ಚಿತ್ರಗಳ ಹೆಸರನ್ನೂ ಕೇಳುತ್ತಿದ್ದೆ. ಮಿತಿಯನ್ನು ನಾವಾಗಿ ಹೇಳದಿದ್ದರೆ ಒಂದು ಉತ್ತರದಲ್ಲಿ ಬರುವ ಚಿತ್ರಗಳ ಹೆಸರು 10 ಮಾತ್ರ. ಅದು ಪುಟವೊಂದರ ಲೆಕ್ಕವಲ್ಲ, ಇಡೀ ಗುಂಪಿನ ಲೆಕ್ಕ. ಆದ್ದರಿಂದ ಮೊದಲ ಉತ್ತರದಲ್ಲಿ 50 ಪುಟಗಳೂ ಕಾಣಿಸಿದರೂ ಹೆಚ್ಚಿನವುಗಳಲ್ಲಿ ಚಿತ್ರಗಳ ಭಾಗವೇ ಇರುವುದಿಲ್ಲ, ಮತ್ತು ನನ್ನ ಪ್ರೋಗ್ರಾಂ ಅದನ್ನು ಚಿತ್ರವಿಲ್ಲವೆಂದೇ ತಿಳಿದು ಬರೆದಿಡುತ್ತಿತ್ತು. ಉತ್ತರದ ಜೊತೆಗೆ ಬರುವ ‘ಕಂಟಿನ್ಯೂ’ ಭಾಗವನ್ನು ಹಾಗೆಯೇ ಮುಂದಿನ ವಿನಂತಿಗೆ ಸೇರಿಸಿ ಕಳುಹಿಸಿದರೆ ಅದೇ ಪುಟಗಳು ಉಳಿದ ಚಿತ್ರಗಳೊಂದಿಗೆ ಮತ್ತೆ ಬರುತ್ತವೆ. ಗುಂಪಿನ ವಿವರವೆಲ್ಲ ಮುಗಿದಾಗ ಮಾತ್ರ ‘ಬ್ಯಾಚ್‌ಕಂಪ್ಲೀಟ್’ ಎಂಬ ಗುರುತು ಕಾಣಿಸುತ್ತದೆ. ಈಗ ಆ ಗುರುತು ಬರುವ ತನಕ ಎಲ್ಲ ಉತ್ತರಗಳನ್ನೂ ಪುಟದ ಸಂಖ್ಯೆಯ (ವಿಕಿ ಪ್ರತಿ ಪುಟಕ್ಕೂ ಕೊಡುವ ಗುರುತಿನ ಸಂಖ್ಯೆ) ಆಧಾರದ ಮೇಲೆ ಒಟ್ಟುಗೂಡಿಸಿಟ್ಟುಕೊಂಡು, ಬಂದ ನಂತರವೇ ತೀರ್ಮಾನ ಬರೆಯುತ್ತೇನೆ. ಪುಟದ ಸ್ಥಿತಿಗಳು ಮೂರಾಗಿವೆ: ಚಿತ್ರ ಇದೆ, ಚಿತ್ರ ಇಲ್ಲ, ಇನ್ನೂ ತಿಳಿದಿಲ್ಲ. ಈ ಮೂರನೆಯದನ್ನು ಸೇರಿಸಿದ್ದೇ ಇಡೀ ಯೋಜನೆಯಲ್ಲಿ ನಾನು ಮಾಡಿದ ಅತ್ಯಂತ ಮುಖ್ಯ ಬದಲಾವಣೆ ಎಂದು ನನಗೆ ಅನಿಸುತ್ತದೆ.

ಶೀರ್ಷಿಕೆಯ ಬದಲು ಪುಟದ ಸಂಖ್ಯೆಯನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ‘ೋ’ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಬಹುದು. ಮೀಡಿಯಾವಿಕಿ ಅವನ್ನು ಕೂಡಿಸಿದ ರೂಪಕ್ಕೆ ತರುತ್ತದೆ, ಆದರೆ ನನ್ನ ಕಡತದಲ್ಲಿರುವ ಬಿಡಿ ರೂಪವನ್ನು ಪೈಥಾನ್ ಬೇರೆಯೇ ಪದವೆಂದು ಎಣಿಸುತ್ತದೆ.

ಎಚ್‌ಟಿಟಿಪಿ ಸ್ಥಿತಿ 200 (ವಿನಂತಿ ಸರಿಯಾಗಿ ಮುಗಿಯಿತೆಂಬ ಸರ್ವರಿನ ಸಂಕೇತ) ಎಂದು ಬಂದ ಮಾತ್ರಕ್ಕೆ ಕೆಲಸ ಆಯಿತೆಂದು ಭಾವಿಸುವುದನ್ನೂ ಬಿಟ್ಟಿದ್ದೇನೆ. ಈ ಎಪಿಐ ಹಲವು ದೋಷಗಳನ್ನು 200ರ ಉತ್ತರದೊಳಗೇ ‘ಎರರ್’ ಭಾಗದಲ್ಲಿ ತಿಳಿಸುತ್ತದೆ, ಆದ್ದರಿಂದ ಮೊದಲು ನೋಡುವುದು ಅದನ್ನೇ. ‘ಮ್ಯಾಕ್ಸ್‌ಲ್ಯಾಗ್’ ಅನ್ನು, ಅಂದರೆ ಸರ್ವರಿನ ಡೇಟಾಬೇಸ್ ಎಷ್ಟು ಹಿಂದುಳಿದಿದ್ದರೆ ನನ್ನ ವಿನಂತಿಯನ್ನು ನಿರಾಕರಿಸಬೇಕೆಂಬ ಮಿತಿಯನ್ನು, 5 ಸೆಕೆಂಡಿಗೆ ಇಟ್ಟಿದ್ದೇನೆ. ಸರ್ವರ್ ಇಂತಿಷ್ಟು ಕಾಯಿರಿ ಎಂದರೆ ಅಷ್ಟು ಕಾಯುತ್ತೇನೆ, ಹೇಳದಿದ್ದರೆ ಪ್ರತಿ ಸಲ ಅವಧಿಯನ್ನು ಇಮ್ಮಡಿ ಮಾಡಿ ಐದು ಪ್ರಯತ್ನಗಳ ನಂತರ ನಿಲ್ಲಿಸುತ್ತೇನೆ. ಹಾಗೆ ನಿಂತ ಗುಂಪು ‘ತಿಳಿದಿಲ್ಲ’ ಎಂದೇ ಉಳಿಯುತ್ತದೆ.

ಓದುವ ವಿನಂತಿಯನ್ನು ಎಷ್ಟು ಸಲ ಕಳುಹಿಸಿದರೂ ಹಾನಿಯಿಲ್ಲ. ಬರೆಯುವ ವಿನಂತಿಯ ವಿಷಯ ಹಾಗಲ್ಲ. ಪಟ್ಟಿಯನ್ನು ವಿಕಿಪೀಡಿಯದಲ್ಲಿರುವ ನನ್ನ ಸದಸ್ಯ ಉಪಪುಟಕ್ಕೆ ಸೇರಿಸುವಾಗ ಸಂಪರ್ಕ ಕಡಿದುಹೋದರೆ, ಬರಹ ಉಳಿಯಿತೋ ಇಲ್ಲವೋ ತಿಳಿಯುವುದಿಲ್ಲ. ಪುಟದ ಕೊನೆಗೆ ಅಂಟಿಸುವ ವಿಧಾನದಲ್ಲಿ ಮರುಪ್ರಯತ್ನ ಮಾಡಿದರೆ ಒಂದೇ ಪಟ್ಟಿ ಎರಡು ಸಲ ಕೂರುವ ಅಪಾಯವಿತ್ತು. ಹಾಗಾಗಿ ಪ್ರತಿ ಬಾರಿ ಪುಟದ ಪೂರ್ಣ ಪಠ್ಯವನ್ನೇ ಕಳುಹಿಸುತ್ತೇನೆ; ಅದು ಆಗಲೇ ಉಳಿದಿದ್ದರೆ, ಅದೇ ಪಠ್ಯದಿಂದ ಹೊಸ ಆವೃತ್ತಿ ಹುಟ್ಟುವುದಿಲ್ಲ.

ಪರೀಕ್ಷೆಗೆಂದು ಅರ್ಧಕ್ಕೆ ನಿಂತ ಒಂದು ಉತ್ತರವನ್ನೂ 200ರೊಳಗೆ ದೋಷವಿರುವ ಇನ್ನೊಂದು ಉತ್ತರವನ್ನೂ ಜೇಸನ್ (ಎಪಿಐ ಉತ್ತರ ಬರುವ ಪಠ್ಯರೂಪ) ಕಡತಗಳಾಗಿ ಉಳಿಸಿಕೊಂಡಿದ್ದೇನೆ. ಇನ್ನು ಬಾಕಿ ಇರುವುದು ಚುಟುಕು (ತೀರಾ ಚಿಕ್ಕ, ಅಪೂರ್ಣ) ಲೇಖನಗಳದು: ಅವುಗಳಲ್ಲಿ ಟೆಂಪ್ಲೇಟಿನ (ಹಲವು ಪುಟಗಳಲ್ಲಿ ಬಳಸುವ ಸಿದ್ಧ ತುಣುಕು) ಮೂಲಕ ಬರುವ ಪುಟ್ಟ ಐಕಾನನ್ನೂ ಎಪಿಐ ಪುಟದ ಚಿತ್ರವೆಂದೇ ಎಣಿಸುವುದರಿಂದ, ಚಿತ್ರ ಬೇಕಾದ ಎಷ್ಟೋ ಲೇಖನಗಳು ಪಟ್ಟಿಯಿಂದ ತಪ್ಪಿಹೋಗುತ್ತಿವೆ. ಅಂಥ ಐಕಾನ್‌ಗಳ ಹೆಸರುಗಳನ್ನು ಮುಂದಿನ ವಾರ ಕೈಯಿಂದಲೇ ಆಯ್ದು ಬೇರ್ಪಡಿಸಬೇಕಿದೆ.