ಅರವತ್ತು ವರ್ಷದ ಸ್ಟಾರ್ ಟ್ರೆಕ್ ಈಗಲೂ ನೋಡೋ ಹಾಗಿದೆಯಾ?

ನಾನು ಸ್ಟಾರ್ ಟ್ರೆಕ್ ನೋಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು: "ಅಷ್ಟು ಹಳೇ ಸೀರಿಯಲ್ಲು, ಈಗ ನೋಡಿದರೆ ನಗು ಬರಲ್ವಾ?" ನೋಡುವ ಆಸೆ ಇರುವವರು ಇನ್ನೊಂದು ಸೇರಿಸುತ್ತಾರೆ: "ಎಲ್ಲಿಂದ ಶುರು ಮಾಡಲಿ?"

ಕೆಲವು ಕಡೆ ನಗು ಬರುತ್ತೆ, ನಿಜ. ಕೆಲವು ಕಡೆ ಸಿಟ್ಟೂ ಬರುತ್ತೆ. ಆದರೆ ನಗು ಬರುವ ಜಾಗಗಳಿಂದ ಈ ಸರಣಿಗೆ ಅಂಥ ಪೆಟ್ಟೇನೂ ಬಿದ್ದಿಲ್ಲ. ಅದಕ್ಕೆ ವಯಸ್ಸಾಗಿರುವುದು ಬೇರೆ ಕಡೆ.

ಬಾಹ್ಯಾಕಾಶ ನೌಕೆಯೊಂದರಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವವರ ಕಥೆ ಇದು. ಮೊದಲ ಸರಣಿ ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಶುರುವಾಗಿದ್ದು 1966ರ ಸೆಪ್ಟೆಂಬರ್ 8ರಂದು. ಮೂರು ಸೀಸನ್, 79 ಕಂತು, 1969ಕ್ಕೆ ಮುಗಿಯಿತು. ನಮ್ಮಲ್ಲಿ ಇದನ್ನು ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನೋಡಿದವರು ಈಗಲೂ ಸಿಗುತ್ತಾರೆ. ಸರಣಿ ಮಾಡಿದವರ ಕೈಯಲ್ಲಿ ದುಡ್ಡು ಕಮ್ಮಿ. ಹಾಗಾಗಿ ಎತ್ತಿ ಎಸೆಯುವ ಬಂಡೆಗಳು ಥರ್ಮೋಕೋಲ್‌ನಂತೆ ಹಗುರ. ನೌಕೆಯ ಡಾಕ್ಟರ್ ಮೆಕಾಯ್ ಕೈಯಲ್ಲಿರುವ ಕೆಲವು ಉಪಕರಣಗಳು ಅಸಲಿಗೆ ಊಟದ ಮೇಜಿನ ಉಪ್ಪಿನ ಡಬ್ಬಿಗಳು. ಪ್ರತಿ ವಾರ ಎಂಟರ್‌ಪ್ರೈಸ್ ನೌಕೆ ಗ್ರಹದ ಮೇಲೆ ಇಳಿಯುವುದನ್ನು ತೋರಿಸಲು ಖರ್ಚು ಜಾಸ್ತಿ. ಅದಕ್ಕೇ ಜನ ಮಿಣಮಿಣ ಅಂತ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದು. ದುಡ್ಡಿಲ್ಲದೆ ಹುಟ್ಟಿದ ಆ ಉಪಾಯವೇ ಆಮೇಲೆ ಸ್ಟಾರ್ ಟ್ರೆಕ್‌ನ ಗುರುತಾಯಿತು. ಈ ಬಡತನವನ್ನು ಕಣ್ಣು ಎರಡು ಮೂರು ಕಂತಿನಲ್ಲಿ ಒಪ್ಪಿಕೊಂಡುಬಿಡುತ್ತೆ. ನಾಟಕದಲ್ಲಿ ಪರದೆ ಮೇಲೆ ಬರೆದ ಕಾಡನ್ನು ನಾವು ಕಾಡು ಅಂತ ಒಪ್ಪಲ್ವಾ, ಹಾಗೆ.

1967ರಲ್ಲಿ ಬಂದ 'ದ ಡೆವಿಲ್ ಇನ್ ದ ಡಾರ್ಕ್' ಕಂತನ್ನೇ ನೋಡಿ. ಒಂದು ಗಣಿಯಲ್ಲಿ ಯಾವುದೋ ಪ್ರಾಣಿ ಕೆಲಸಗಾರರನ್ನು ಕೊಲ್ಲುತ್ತಿದೆ. ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕರ್ಕ್ ಬರುವುದೇ ಅದನ್ನು ಮುಗಿಸಲು. ಆ ಪ್ರಾಣಿಯ ಹೆಸರು ಹೋರ್ಟಾ. ನೋಡಲು ನೆಲದ ಮೇಲೆ ತೆವಳುವ ಕಂಬಳಿ ಗುಡ್ಡೆ, ಒಳಗೆ ಮನುಷ್ಯ ಇದ್ದಾನೆ ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತೆ. ಈಗ ಗಮನಿಸಿ. ಕೊಲ್ಲಬೇಡಿ, ಇದು ತನ್ನ ಜಾತಿಯ ಕೊನೆಯ ಜೀವ ಇರಬಹುದು ಅಂತ ಮೊದಲು ಹೇಳುವವನು ಸ್ಪಾಕ್, ಯಾವಾಗಲೂ ತರ್ಕವನ್ನೇ ನಂಬುವ ಕರ್ಕ್‌ನ ಸಹ ಅಧಿಕಾರಿ. ಕರ್ಕ್ ಕೇಳುವುದಿಲ್ಲ. ಆಮೇಲೆ ಸುರಂಗದಲ್ಲಿ ಕರ್ಕ್ ಒಬ್ಬನೇ ಅದರ ಎದುರು ಸಿಕ್ಕಿಬೀಳುತ್ತಾನೆ. ಆಗ ಸ್ಪಾಕ್ ಗಾಬರಿಯಾಗಿ, ಬೇಗ ಕೊಂದುಬಿಡಿ ಅನ್ನುತ್ತಾನೆ. ಕರ್ಕ್ ಕೊಲ್ಲುವುದಿಲ್ಲ. ಅದು ಗಾಯಗೊಂಡಿದೆ, ತನ್ನ ಮೇಲೆ ಬೀಳುತ್ತಿಲ್ಲ ಅನ್ನುವುದು ಅವನಿಗೆ ಕಂಡಿದೆ. ಗೆಳೆಯನ ಜೀವದ ಪ್ರಶ್ನೆ ಬಂದಾಗ ತರ್ಕದ ಮನುಷ್ಯ ತರ್ಕ ಬಿಡುತ್ತಾನೆ, ಬಂದೂಕಿನ ಮನುಷ್ಯ ಬಂದೂಕು ಇಳಿಸುತ್ತಾನೆ. ಗಣಿಯವರು ಕೆಲಸಕ್ಕೆ ಬಾರದ ಗುಂಡುಕಲ್ಲು ಅಂತ ಒಡೆದು ಹಾಕುತ್ತಿದ್ದದ್ದು ಅದರ ಮೊಟ್ಟೆಗಳು. ಅದು ತಾಯಿ. ಇಷ್ಟು ಹೊತ್ತಿಗೆ ಕಂಬಳಿ ಗುಡ್ಡೆ ಅನ್ನುವುದು ನನಗಂತೂ ಮರೆತೇ ಹೋಗಿರುತ್ತೆ.

ಹಾಗಾದರೆ ವಯಸ್ಸಾಗಿರುವುದು ಎಲ್ಲಿ? ಬರೆದವರು ಯೋಚನೆ ಮಾಡುವ ಅಗತ್ಯವೇ ಇಲ್ಲ ಅಂದುಕೊಂಡ ಕಡೆ. ಮೊದಲ ಸರಣಿಯ ಕೊನೆಯ ಕಂತು, 1969ರ 'ಟರ್ನ್‌ಅಬೌಟ್ ಇಂಟ್ರೂಡರ್', ಹೆಂಗಸರಿಗೆ ಸ್ಟಾರ್‌ಶಿಪ್ ಕ್ಯಾಪ್ಟನ್ ಆಗುವ ಅವಕಾಶವಿಲ್ಲ ಅನ್ನುವ ಅರ್ಥ ಬರುವಂತೆ ಮಾತಾಡುತ್ತೆ. ಆ ಕೊರಗಿನಲ್ಲಿ ಬುದ್ಧಿ ಕೆಟ್ಟವಳೇ ಅಲ್ಲಿ ಖಳನಾಯಕಿ. ಇಪ್ಪತ್ಮೂರನೇ ಶತಮಾನದ ಕಥೆಯಲ್ಲಿ! ಇದಕ್ಕೆ ಬಜೆಟ್ಟು ಕಾರಣ ಅನ್ನುವ ಹಾಗಿಲ್ಲ. 1987ರಲ್ಲಿ ಶುರುವಾದ 'ನೆಕ್ಸ್ಟ್ ಜನರೇಷನ್' ಸರಣಿಯ ಮೊದಲ ಸೀಸನ್ನಿನಲ್ಲಿ 'ಕೋಡ್ ಆಫ್ ಆನರ್' ಅಂತ ಒಂದು ಕಂತಿದೆ. ಒಂದು ಗ್ರಹದ ತುಂಬ ಕಪ್ಪು ಜನ, ಅವರ ನಾಯಕ ಬಿಳಿ ಹೆಂಗಸನ್ನು ಹೊತ್ತೊಯ್ಯುತ್ತಾನೆ. ನಟಿಸಿದವರೇ ಆಮೇಲೆ ಅದನ್ನು ಟೀಕಿಸಿದ್ದಾರೆ. ಅದನ್ನು ಬಿಟ್ಟು ಮುಂದೆ ಹೋಗಿ.

ನಮಗೆ ಹತ್ತಿರದ ಉದಾಹರಣೆ ಖಾನ್. 1967ರ 'ಸ್ಪೇಸ್ ಸೀಡ್' ಕಂತಿನ ಖಳನಾಯಕ ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಬಹುಶಃ ಸಿಖ್ ಅಂತ ಇತಿಹಾಸ ಬಲ್ಲ ಅಧಿಕಾರಿಯೊಬ್ಬಳು ಊಹಿಸುತ್ತಾಳೆ. ಪಾತ್ರ ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಾಲ್ಬಾನ್. ಗಡ್ಡವಿಲ್ಲ, ಪೇಟ ಇರುವುದು ಅವಳು ಬಿಡಿಸಿದ ಚಿತ್ರದಲ್ಲಿ ಮಾತ್ರ. ಭಾರತದಲ್ಲಿ ಹುಟ್ಟಿ ಬೆಳೆದವರು ಆ ಹೆಸರು ಕೇಳಿದರೇ ಹುಬ್ಬೇರಿಸುತ್ತಾರೆ. ಆದರೆ ಒಬ್ಬ ಭಾರತೀಯನನ್ನು ಎಲ್ಲರಿಗಿಂತ ಬುದ್ಧಿವಂತ, ಬಲಶಾಲಿ ಅಂತ ಆಗಿನ ಅಮೆರಿಕದ ಟಿವಿ ತೋರಿಸಿತ್ತು ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಆ ಕಂತು ನೋಡುವುದು. ಖಾನ್ ಜಗತ್ತಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಆಳಿದ್ದು 1990ರ ದಶಕದಲ್ಲಿ ಅಂತ ಅಲ್ಲಿ ಹೇಳುತ್ತಾರೆ. ತೊಂಬತ್ತರ ದಶಕ ಬಂದು ಹೋಯಿತು, ಖಾನ್ ಬರಲಿಲ್ಲ. ಅದರಿಂದ ಕಥೆಗೆ ನಷ್ಟವೇನೂ ಆಗಿಲ್ಲ.

ಇಸವಿ ದಾಟಿ ಹೋದಮೇಲೂ ಚುಚ್ಚುವ ಕಥೆಗಳಿವೆ. 'ಡೀಪ್ ಸ್ಪೇಸ್ ನೈನ್' ಸರಣಿಯಲ್ಲಿ 1995ರಲ್ಲಿ ಬಂದ 'ಪಾಸ್ಟ್ ಟೆನ್ಸ್' ನಡೆಯುವುದು 2024ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕೆಲಸ, ಮನೆ ಇಲ್ಲದವರನ್ನು ಗೋಡೆ ಕಟ್ಟಿದ ವಠಾರದೊಳಗೆ ತಳ್ಳಿ ಊರು ಮರೆತಿದೆ. ಕಥೆಯಲ್ಲಿ ಅಲ್ಲಿ ಏಳುವ ದಂಗೆ ನಿಜವಾಗಲಿಲ್ಲ. ಆದರೆ ಒಳಗೆ ಹೆಸರು ಬರೆದುಕೊಳ್ಳುವ ಗುಮಾಸ್ತೆಯನ್ನು ನೋಡಿ. ಅವಳು ಕೆಟ್ಟವಳಲ್ಲ. ದಣಿದಿದ್ದಾಳೆ, ಅಷ್ಟೇ. ಅಂಥ ಕೌಂಟರ್ ಮುಂದೆ ನಿಂತವರಿಗೆ ಇದು ಯಾವ ಇಸವಿ ಅಂತ ಕೇಳುವ ಅಗತ್ಯ ಬೀಳಲ್ಲ.

ಇನ್ನು ಕೆಲವು ಕಂತುಗಳು ವಯಸ್ಸಾಗುತ್ತಾ ಜಾಸ್ತಿ ಬೇಕಾದವಾಗಿವೆ. 'ನೆಕ್ಸ್ಟ್ ಜನರೇಷನ್' ಸರಣಿಯ 1989ರ 'ದ ಮೆಷರ್ ಆಫ್ ಎ ಮ್ಯಾನ್' ನನ್ನ ಪಾಲಿಗೆ ಅಂಥದ್ದು. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್, ವಕೀಲಿ ಮಾಡಿದವರು. ಡೇಟಾ ಅನ್ನುವ ಯಂತ್ರಮಾನವನನ್ನು ಬಿಚ್ಚಿ ನೋಡಬೇಕು, ಅವನಂಥ ಸಾವಿರ ಮಾಡಬೇಕು ಅಂತ ಒಬ್ಬ ವಿಜ್ಞಾನಿಯ ಹಟ. ಡೇಟಾ ಬೇಡ ಅನ್ನುತ್ತಾನೆ. ಬೇಡ ಅನ್ನುವ ಹಕ್ಕು ಅವನಿಗಿದೆಯಾ ಅನ್ನುವುದೇ ಮೊಕದ್ದಮೆ. ಅವನ ವಿರುದ್ಧ ವಾದಿಸುವ ಕೆಲಸ ಗೆಳೆಯ ರೈಕರ್‌ನ ತಲೆಗೆ ಬೀಳುತ್ತೆ. ರೈಕರ್ ಒಬ್ಬನೇ ಕೂತು ಡೇಟಾನ ನಕ್ಷೆಗಳನ್ನು ತಿರುವುತ್ತಾನೆ. ಗೆಲ್ಲುವ ದಾರಿ ಸಿಕ್ಕಿ ಮುಖ ಅರಳುತ್ತೆ. ಮರುಗಳಿಗೆಯಲ್ಲೇ, ತಾನು ಗೆದ್ದರೆ ಆಗುವುದೇನು ಅಂತ ಹೊಳೆದು ಇಳಿದುಹೋಗುತ್ತೆ. ಒಂದೂ ಮಾತಿಲ್ಲ. ಕೋರ್ಟಿನಲ್ಲಿ ಅವನು ಮಾಡುವುದೂ ಅದನ್ನೇ: ಡೇಟಾನ ಸ್ವಿಚ್ ಆಫ್ ಮಾಡುತ್ತಾನೆ. ಡೇಟಾಗೆ ಆತ್ಮ ಇದೆಯಾ ಅನ್ನುವುದು ನನಗೆ ತಿಳಿಯದು, ಅದನ್ನು ಅವನೇ ಹುಡುಕಿಕೊಳ್ಳಲಿ ಅನ್ನುವಂಥ ತೀರ್ಪು ಬರುತ್ತೆ. ಯಂತ್ರಗಳ ಜೊತೆ ದಿನಾ ಮಾತಾಡುವ ಈ ಕಾಲದಲ್ಲಿ ಈ ವಾದ 1989ಕ್ಕಿಂತ ಇವತ್ತೇ ಹೆಚ್ಚು ನಾಟುತ್ತೆ.

ಚಿತ್ರದ ಗುಣಮಟ್ಟದ ಬಗ್ಗೆಯೂ ಒಂದು ಮಾತು. 'ನೆಕ್ಸ್ಟ್ ಜನರೇಷನ್' ಶೂಟ್ ಆಗಿದ್ದು 35 ಎಂಎಂ ಫಿಲ್ಮಿನಲ್ಲಿ, ಎಡಿಟ್ ಆಗಿದ್ದು ವಿಡಿಯೋ ಟೇಪಿನಲ್ಲಿ. 2012ರಿಂದ 2014ರ ನಡುವೆ ಹಳೇ ಫಿಲ್ಮನ್ನೇ ಮತ್ತೆ ಸ್ಕ್ಯಾನ್ ಮಾಡಿ, ಜೋಡಿಸಿ ಬ್ಲೂ-ರೇ ತಂದರು. 'ಡೀಪ್ ಸ್ಪೇಸ್ ನೈನ್'ಗೆ ಆ ಭಾಗ್ಯ ಸಿಕ್ಕಿಲ್ಲ, ಚಿತ್ರ ಮಂಜು ಮಂಜು. ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಬಾಳಿರುವ ಸರಣಿ ಅದೇ ಆದ್ದರಿಂದ ಇದು ನಿಜಕ್ಕೂ ಬೇಜಾರು.

ಎಲ್ಲಿಂದ ಶುರು ಅಂದರೆ, ಕ್ರಮವಾಗಿ ಮೊದಲ ಕಂತಿನಿಂದ ಹೊರಡಬೇಡಿ, ಅರ್ಧ ಜನ ಕೈಬಿಡುವುದು ಅದಕ್ಕೇ. ಒಂದು ಸಂಜೆ ಹೋರ್ಟಾ ಕಂತು ನೋಡಿ, ಇನ್ನೊಂದು ಸಂಜೆ ಡೇಟಾನ ಮೊಕದ್ದಮೆ. ಎರಡೂ ಹಿಡಿಸಿದರೆ 'ನೆಕ್ಸ್ಟ್ ಜನರೇಷನ್' ಮೂರನೇ ಸೀಸನ್ನಿನಿಂದ ಹಿಡಿಯಿರಿ, ಅದು ಕಾಲೂರಿ ನಿಂತಿದ್ದು ಅಲ್ಲಿಂದಲೇ. 'ಡೀಪ್ ಸ್ಪೇಸ್ ನೈನ್' ಮಾತ್ರ ಮೊದಲಿನಿಂದ ನೋಡಿ. ಅದರ ಕಥೆ ಕಂತಿನಿಂದ ಕಂತಿಗೆ ಬೆಳೆಯುತ್ತಾ ಹೋಗುತ್ತೆ, ನಡುವೆ ಹೊಕ್ಕರೆ ಯಾರು ಯಾರ ಮೇಲೆ ಯಾಕೆ ಮುನಿಸಿಕೊಂಡಿದ್ದಾರೆ ಅಂತ ತಿಳಿಯೋದಿಲ್ಲ.