ಗೆಲಾಕ್ಸಿ ಫಳಫಳ, ಗುರುವಿನ ಚಂದ್ರ ಮಸುಕು: ಯಾಕೆ?

ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟು ಆಕಾಶ ತಿಳಿಯಾದರೆ ನಮ್ಮ ತಾರಸಿ ಮೇಲೆ ಟೆಲಿಸ್ಕೋಪ್ ಇಡುತ್ತೇನೆ. ಗುರುವಿನ ಪಕ್ಕ ಸಾಲಾಗಿ ನಿಂತ ಚಂದ್ರಗಳನ್ನು ನೋಡಿದವರಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ: "ಸರ್, ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ ಬಾಹ್ಯಾಕಾಶ ಟೆಲಿಸ್ಕೋಪ್ ಹಬಲ್‌ಗೆ ಫಳಫಳ ಕಾಣುತ್ತೆ. ಇಲ್ಲೇ ಇರೋ ಈ ಚಂದ್ರ ಯಾಕೆ ಮಸುಕು? ನಾಸಾದವರು ಏನಾದ್ರೂ ಮುಚ್ಚಿಡ್ತಿದ್ದಾರಾ?"

ಇಲ್ಲ ಮಾರಾಯ್ರೇ. ಆಕಾಶದಲ್ಲಿ ಅದು ಎಷ್ಟು ಅಗಲ ಕಾಣುತ್ತೆ ಅನ್ನೋದೇ ಇಲ್ಲಿ ಮುಖ್ಯ.

ಗುರುವಿನ ಚಂದ್ರ ಯುರೋಪಾವನ್ನೇ ತಗೊಳ್ಳಿ. ಅಗಲ ಸುಮಾರು 3,100 ಕಿ.ಮೀ. ಹತ್ತಿರ ಬಂದಾಗಲೂ ಸುಮಾರು 60 ಕೋಟಿ ಕಿ.ಮೀ. ದೂರ. ನಾಲ್ಕೈದು ಕಿಲೋಮೀಟರ್ ಆಚೆ ತುಂಗಾ ದಡದಲ್ಲಿ ಯಾರೋ ಹಿಡಿದ ಒಂದು ರೂಪಾಯಿ ನಾಣ್ಯ ಎಷ್ಟು ಕಾಣುತ್ತೋ, ಅಷ್ಟೇ. ಹಬಲ್ ಚಿತ್ರದಲ್ಲಿ ಅದರ ಅಗಲಕ್ಕೆ ಸಿಗೋದು ಇಪ್ಪತ್ತೈದು ಪಿಕ್ಸೆಲ್ (ಚಿತ್ರದ ಪುಟ್ಟ ಚುಕ್ಕೆ) ಆಸುಪಾಸು. ಒಂದೊಂದು ಪಿಕ್ಸೆಲ್ಲಿಗೆ ನೂರಿಪ್ಪತ್ತು ಕಿಲೋಮೀಟರ್. ಶಿವಮೊಗ್ಗದಿಂದ ಆಗುಂಬೆವರೆಗೆ ಎಲ್ಲ ಒಂದೇ ಚುಕ್ಕೆಯೊಳಗೆ!

ವರ್ಲ್‌ಪೂಲ್ ಗೆಲಾಕ್ಸಿ ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಆದರೆ ಎಂಥ ದೈತ್ಯ ಅಂದ್ರೆ, ಆಕಾಶದಲ್ಲಿ ಯುರೋಪಾಗಿಂತ ಆರುನೂರು ಪಟ್ಟಿಗೂ ಜಾಸ್ತಿ ಅಗಲ. ಇನ್ನೊಂದು ಮಜಾ ಕೇಳಿ. ಆ ಚೆಂದದ ಚಿತ್ರದಲ್ಲಿ ಒಂದೊಂದು ಪಿಕ್ಸೆಲ್ ಆರೇಳು ಜ್ಯೋತಿರ್ವರ್ಷದಷ್ಟು ಅಗಲ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಇರೋದೇ 4.2 ಜ್ಯೋತಿರ್ವರ್ಷ ದೂರದಲ್ಲಿ. ಅಂಥ ಜೋಡಿ ಅಲ್ಲಿದ್ದರೆ ಎರಡೂ ಒಂದೇ ಚುಕ್ಕೆಯಲ್ಲಿ ಮಾಯ. ಲೆಕ್ಕಕ್ಕೆ ಗೆಲಾಕ್ಸಿ ಚಿತ್ರವೇ ಜಾಸ್ತಿ ಮಸುಕು. ಅಲ್ಲಿ ನಾವು ಬೆಟ್ಟ, ಬಿರುಕು ಹುಡುಕೋದಿಲ್ಲ, ಅಷ್ಟೇ.

"ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಇದೆಯಲ್ಲ, ಅದರ ಕನ್ನಡಿ ಇನ್ನೂ ದೊಡ್ಡದು" ಅಂತಾರೆ. ಹೌದು, ಹಬಲ್‌ನದು 2.4 ಮೀಟರ್, ವೆಬ್‌ನದು 6.5. ಆದರೆ ವೆಬ್ ನೋಡೋದು ಹೆಚ್ಚಾಗಿ ಕಣ್ಣಿಗೆ ಕಾಣದ, ಉದ್ದ ಅಲೆಯ ಬೆಳಕಾದ ಇನ್ಫ್ರಾರೆಡ್‌ನಲ್ಲಿ. ಬೆಳಕಿನ ಅಲೆ ಉದ್ದವಾದಷ್ಟೂ ಚಿತ್ರ ಹರಡಿಕೊಳ್ಳುತ್ತೆ. ಕನ್ನಡಿಯಿಂದ ಆದ ಲಾಭ ಬಹುಪಾಲು ಅಲ್ಲೇ ಸೋರಿಹೋಗುತ್ತೆ.

ವಾಟ್ಸಾಪಲ್ಲಿ ಓಡಾಡುವ, ಕೆಂಪು ಗೀರು ತುಂಬಿದ ಯುರೋಪಾ ಚಿತ್ರ ನೋಡಿರ್ತೀರಲ್ವಾ? ಅದು 1990ರ ದಶಕದಲ್ಲಿ ಗೆಲಿಲಿಯೋ ನೌಕೆ ಹತ್ತಿರ ಹೋಗಿ ತೆಗೆದದ್ದು. 2022ರಲ್ಲಿ ಜೂನೋ ನೌಕೆ ಯುರೋಪಾದಿಂದ 352 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ಕ್ಕೆ ಗುರುವನ್ನು ಮುಟ್ಟಬೇಕು. ಆಮೇಲೆ ಯುರೋಪಾದಿಂದ ಬರೀ 25 ಕಿ.ಮೀ. ಎತ್ತರದವರೆಗೂ ಇಳಿಯುವ ಯೋಜನೆ ಅದರದು.